ಸವಿತಾಳ ಕಿರುಪರಿಚಯ

ಒಬ್ಬ ಮನುಷ್ಯನ ಬದುಕನ್ನು ಇನ್ನೊಬ್ಬ ಮನುಷ್ಯ ಎಂದಿಗೂ ಪೂರ್ತಿಯಾಗಿ ಅರಿಯಲಾರ. ಈ ಸತ್ಯವನ್ನು ಚೆನ್ನಾಗಿ ಬಲ್ಲ ನಾನು ಕಳೆದ ಮೂವತ್ತು ವರ್ಷಗಳಿಂದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ವೇದಿಕೆಗಳ ಮೇಲೆ ನಿಂತು, ಅಂದು ಮಧ್ಯಾಹ್ನವಷ್ಟೇ ಹೆಸರು ಕೇಳಿದವರ ಬದುಕನ್ನು ಹುಟ್ಟಿನಿಂದ ಹಿಡಿದು ಸಭೆಗೆ ತಿಳಿಸುತ್ತ ಬಂದಿದ್ದೇನೆ. ನಮ್ಮ ಕಡೆ ಸಮಾರಂಭ ಎಂದ ಮೇಲೆ ಅತಿಥಿ ಬೇಕು, ಅತಿಥಿ ಎಂದ ಮೇಲೆ ಪರಿಚಯ ಭಾಷಣ ಬೇಕು, ಪರಿಚಯ ಭಾಷಣ ಎಂದ ಮೇಲೆ ನಾನು ಬೇಕು. ಇದು ಹೇಗೆ ಶುರುವಾಯಿತೋ ತಿಳಿಯದು. ಬಹುಶಃ ಒಂದು ಸಲ ಯಾರೋ ಬರಲಿಲ್ಲ, ನಾನು ಬಂದಿದ್ದೆ.

ನೌಕರಿಯಲ್ಲಿದ್ದಾಗ ನಾನು ಉಪನೋಂದಣಿ ಕಚೇರಿಯ ಗುಮಾಸ್ತ. ಖರೀದಿ ಪತ್ರದಲ್ಲಿ ಒಂದು ಹೊಲವನ್ನು ಗುರುತಿಸಬೇಕಾದರೆ ಅದರ ನಾಲ್ಕೂ ದಿಕ್ಕಿಗೆ ಯಾರ ಯಾರ ಹೊಲವಿದೆ ಎಂದು ಬರೆಯುತ್ತಾರೆ. ಅದಕ್ಕೆ ಚಕ್ಕುಬಂದಿ ಎಂದು ಹೆಸರು. ಮನುಷ್ಯರಿಗೂ ನಾನು ಅದನ್ನೇ ಹಾಕುತ್ತಿದ್ದೆ: ಅಪ್ಪ ಯಾರು, ಅವ್ವ ಯಾರು, ಕಲಿತದ್ದೆಲ್ಲಿ, ದುಡಿಯುವುದೆಲ್ಲಿ. ನಾಲ್ಕು ಗಡಿ ಬಿದ್ದ ಮೇಲೆ ನಡುವೆ ಉಳಿದದ್ದೇ ಮನುಷ್ಯ. ನಡುವೆ ಏನಿದೆ ಎಂದು ಇಣುಕಿ ನೋಡುವ ಗೋಜಿಗೆ ನಾನು ಹೋಗುತ್ತಿರಲಿಲ್ಲ. ಕಚೇರಿಯಲ್ಲಿದ್ದಾಗಲೂ ಹೊಲ ನೋಡಲು ಹೋದವನಲ್ಲ. ಒಮ್ಮೆ ಹಲಗೇರಿಯಲ್ಲಿ ಬೀಜಗಳ ವಿಷಯ ತಿಳಿದ ವಿಜ್ಞಾನಿಯೊಬ್ಬರನ್ನು ಪರಿಚಯಿಸಿದೆ. ಅವರ ಸಂಶೋಧನೆಯನ್ನೆಲ್ಲ ಓದಿಕೊಂಡು ಹೋಗಿದ್ದೆ, ಎಲ್ಲವನ್ನೂ ಹೇಳಿದೆ. ಅವರು ಎದ್ದು ನಿಂತು, ‘ನಾನು ಹೇಳಬೇಕೆಂದಿದ್ದನ್ನೆಲ್ಲ ಸರ್ ಹೇಳಿದ್ದಾರೆ, ನಮಸ್ಕಾರ’ ಎಂದು ಕುಳಿತರು. ಇದನ್ನು ನಾನು ಬಹಳ ದಿನ ಹೊಗಳಿಕೆ ಎಂದೇ ತಿಳಿದಿದ್ದೆ.

ಇಂಥ ನನಗೆ ಸವಿತಾಳನ್ನು ಪರಿಚಯಿಸುವ ಪ್ರಸಂಗ ಬಂತು. ಸವಿತಾ ನನ್ನ ತಂಗಿ ಗಿರಿಜಾಳ ಮಗಳು, ಬ್ಯಾಡಗಿಯವಳು. ಬೆಂಗಳೂರಿನಲ್ಲಿ ಧಾರಾವಾಹಿಗಳಲ್ಲಿ ನಟಿಸುತ್ತಾಳೆ. ನಾಯಕಿಯ ಗೆಳತಿಯಾಗಿ, ಪಕ್ಕದ ಮನೆಯವಳಾಗಿ, ಒಂದು ಸಿನಿಮಾದಲ್ಲಿ ‘ಡಾಕ್ಟ್ರು ಬಂದ್ರು’ ಎಂದಷ್ಟೇ ಹೇಳುವ ನರ್ಸಾಗಿ ಅವಳನ್ನು ನೋಡಿದ್ದೇವೆ. ಡಾಕ್ಟರು ಬಂದ ಮೇಲೆ ಅವಳು ಕಾಣಲಿಲ್ಲ. ಈಚಿನ ನಾಲ್ಕು ವರ್ಷಗಳಿಂದ ಅವಳ ಮುಖ್ಯ ಉದ್ಯೋಗ ಸ್ಟ್ಯಾಂಡಪ್ ಕಾಮಿಡಿ. ಅಂದರೆ ಒಬ್ಬಳೇ ಮೈಕು ಹಿಡಿದು ನಿಂತು, ಟಿಕೆಟ್ ತೆಗೆದುಕೊಂಡು ಬಂದವರನ್ನು ಒಂದು ತಾಸು ನಗಿಸುವುದು. ಗಿರಿಜಾ ಮಾತ್ರ ಇದನ್ನು ಉದ್ಯೋಗವೆಂದು ಒಪ್ಪಿರಲಿಲ್ಲ. ಮದುವೆ ಮನೆಗಳಲ್ಲಿ ಯಾರಾದರೂ, ‘ಮಗಳು ಏನ್ ಮಾಡ್ತಾಳ್ರಿ?’ ಎಂದರೆ, ‘ಕೆಲಸ ಹುಡುಕಾಕತ್ತಾಳ್ರಿ’ ಎಂದು ಹೇಳಿ ಮಾತು ತಿರುಗಿಸುತ್ತಿದ್ದಳು. ಸವಿತಾ ಎದುರಿಗಿದ್ದರೂ ಹಾಗೆಯೇ ಹೇಳುತ್ತಿದ್ದಳು.

ರಾಣೆಬೆನ್ನೂರಿನ ಗೆಳೆಯರ ಬಳಗವೊಂದು ತನ್ನ ವಾರ್ಷಿಕೋತ್ಸವಕ್ಕೆ ಸವಿತಾಳನ್ನು ಕರೆಯಿತು. ನಮ್ಮ ಸೀಮೆಯಲ್ಲಿ ಅವಳ ಮೊದಲ ಕಾರ್ಯಕ್ರಮ. ಗಿರಿಜಾ ಮಗಳಿಗೆ ಫೋನಿನಲ್ಲಿ ಒಂದು ಕರಾರು ಹಾಕಿದಳು. ‘ಬರತೇನಿ, ಮುಂದಿನ ಸಾಲಿನ್ಯಾಗ ಕುಂದರತೇನಿ. ಇದು ಕೆಲಸ ಅಂತ ನನಗ ಅನಸ್ತು ಅಂದ್ರ ಇನ್ನ ಮ್ಯಾಲ ಬಾಯಿ ಬಿಡಂಗಿಲ್ಲ. ಅನಸಲಿಲ್ಲ ಅಂದ್ರ ಬೆಂಗಳೂರ ಸಾಕು. ಇಲ್ಲೇ ಸಾಲ್ಯಾಗ ಟೀಚರ್ ಜಾಗಾ ಖಾಲಿ ಐತಿ, ಬಂದು ಸೇರು.’ ಸವಿತಾ ಒಪ್ಪಿದಳು. ಬಳಗದವರು ಎಂದಿನಂತೆ ಪರಿಚಯಕ್ಕೆ ನನಗೆ ಹೇಳಿದರು.

ಎರಡು ದಿನ ಮೊದಲೇ ಸವಿತಾ ಹಾವೇರಿಯ ನಮ್ಮ ಮನೆಗೆ ಬಂದಳು. ‘ಮಾಮಾ, ಒಮ್ಮೆ ಪೂರಾ ಹೇಳಿ ನೋಡತೇನಿ, ನೀ ಕೇಳು’ ಎಂದು ನಡುಮನೆಯಲ್ಲಿ ನಿಂತು ಶುರು ಮಾಡಿದಳು. ‘ನಾ ಬ್ಯಾಡಗಿಯಾಕಿ ಅಂದಕೂಡ್ಲೆ ಬೆಂಗಳೂರಾಗ ಹೆದರತಾರ, ಭಾಳ ಖಾರ ಇರಬೇಕು ಅಂತ. ಅವರಿಗೇನ್ ಗೊತ್ತು? ಬ್ಯಾಡಗಿ ಮೆಣಸಿನಕಾಯಿ ಬರೇ ಬಣ್ಣಕ್ಕ ಐತಿ. ನಮ್ಮಪ್ಪನೂ ಹಂಗ. ಸಿಟ್ಟು ಬಂದ್ರ ಮಾರಿ ಕೆಂಪಗಾಕ್ಕತಿ, ಮುಂದ ಏನೂ ಆಗಂಗಿಲ್ಲ.’ ಅವಳು ಹೇಳಿದ್ದು ಅಕ್ಷರಶಃ ನಿಜ. ನಿಜ ಎಂದ ಮೇಲೆ ಅದು ಮಾಹಿತಿ. ಮಾಹಿತಿ ಎಂದ ಮೇಲೆ ಬರೆದುಕೊಳ್ಳಬೇಕು. ನಾನು ವಹಿ ತೆಗೆದು ಬರೆದುಕೊಳ್ಳುತ್ತ ಕುಳಿತೆ.

ಅರ್ಧ ತಾಸಾದ ಮೇಲೆ ಅವಳು ನಿಲ್ಲಿಸಿ, ‘ಮಾಮಾ, ನೀ ನಗವಲ್ಲಿ?’ ಎಂದಳು.

‘ನಕ್ಕರ ಅಕ್ಷರ ಕೆಡತಾವವಾ, ನೀ ಹೇಳು’ ಎಂದೆ.

ಪಾಪ, ಅವಳು ನಾನು ತಪ್ಪು ತಿದ್ದಲು ಬರೆದುಕೊಳ್ಳುತ್ತಿದ್ದೇನೆ ಎಂದುಕೊಂಡಳು. ಕಟ್ಟಕಡೆಯ ಮಾತು ಅವ್ವನ ‘ಕೆಲಸ ಹುಡುಕಾಕತ್ತಾಳ’ ಎಂಬುದರ ಮೇಲೆಯೇ ಇತ್ತು. ಅದನ್ನು ಮಾತ್ರ ಅವಳು ಮೂರು ಸಲ ಹೇಳಿ ನೋಡಿದಳು. ‘ಅವ್ವಗ ಚುಚ್ಚಬಾರದು, ನಗೂನೂ ಬರಬೇಕು’ ಎಂದಳು. ನಾನು ಅದನ್ನು ‘ಸದ್ಯದ ಉದ್ಯೋಗ’ ಎಂಬ ತಲೆಬರಹದ ಕೆಳಗೆ ಬರೆದುಕೊಂಡೆ.

ಕಾರ್ಯಕ್ರಮದ ಸಂಜೆ ಸಭಾಭವನ ತುಂಬಿತ್ತು. ಗಿರಿಜಾ ಮೊದಲ ಸಾಲಿನಲ್ಲಿ, ತೊಡೆಯ ಮೇಲೆ ವ್ಯಾನಿಟಿ ಬ್ಯಾಗ್ ಇಟ್ಟುಕೊಂಡು, ಬಸ್ಸಿಗೆ ಕಾಯುವವರಂತೆ ಕುಳಿತಿದ್ದಳು. ದೀಪ ಹಚ್ಚುವಾಗ ಫ್ಯಾನಿನ ಗಾಳಿಗೆ ಅದು ನಾಲ್ಕು ಸಲ ಆರಿತು; ಐದನೆಯ ಸಲ ಯಾರಿಗೋ ಫ್ಯಾನು ಆರಿಸಬೇಕೆಂದು ಹೊಳೆಯಿತು. ಬಳಗದ ಕಾರ್ಯದರ್ಶಿ ನನ್ನ ಕಿವಿಯಲ್ಲಿ, ‘ಸರ್, ಐದು ನಿಮಿಷ ರೀ. ಆರು ಆಗಬಾರದು’ ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಚಕ್ಕುಬಂದಿಯಿಂದಲೇ ಆರಂಭಿಸಿದೆ. ‘ಇವರ ತಂದೆಯವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿಗಳು. ಸದರಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಮಗಳ ಅಭಿಪ್ರಾಯದಂತೆ ತಂದೆಯವರೂ ಅದೇ ತಳಿಯವರು.’ ಸಭೆ ಗೊಳ್ಳೆಂದು ನಕ್ಕಿತು. ಮೂವತ್ತು ವರ್ಷಗಳಲ್ಲಿ ನನ್ನ ಪರಿಚಯ ಭಾಷಣಕ್ಕೆ ಜನ ನಕ್ಕದ್ದು ಅದೇ ಮೊದಲು. ನನಗೆ ಆಶ್ಚರ್ಯವಾಯಿತು, ಸಂತೋಷವಾಯಿತು, ಮುಂದಿನ ಪುಟ ತಿರುವಿದೆ. ‘ಇವರು ಒಂದು ಧಾರಾವಾಹಿಯಲ್ಲಿ ಮೂರು ಕಂತುಗಳ ಕಾಲ ಶವವಾಗಿ ಅಭಿನಯಿಸಿದ್ದಾರೆ. ಆ ಅವಧಿಯಲ್ಲಿ ಇವರು ಉಸಿರಾಡುತ್ತಿದ್ದುದನ್ನು ತಾಯಿಯವರು ಬ್ಯಾಡಗಿಯಿಂದಲೇ ಗಮನಿಸಿ, ದೂರವಾಣಿಯ ಮೂಲಕ ಆಕ್ಷೇಪಣೆ ಸಲ್ಲಿಸಿದ್ದಾರೆ.’

ಮೊದಲ ಸಾಲಿನಿಂದ ಗಿರಿಜಾ ತಡೆಯಲಾರದೆ, ‘ಖರೇನ ಅಣ್ಣಾ! ಹೊಟ್ಟಿ ಏರಿ ಇಳ್ಯಾಕತ್ತಿತ್ತು. ಸಾಯೂದಾದ್ರೂ ನೆಟ್ಟಗ ಸಾಯಬಾರದೇನ?’ ಎಂದಳು. ಸಭಾಭವನದ ತಗಡು ಅದುರುವಂತೆ ನಗೆ ಎದ್ದಿತು. ಕಾರ್ಯದರ್ಶಿ ನನಗೆ ಗಡಿಯಾರ ತೋರಿಸುತ್ತಿದ್ದರು. ಒಳ್ಳೆಯ ಗಡಿಯಾರ. ಪರದೆಯ ಪಕ್ಕದಲ್ಲಿ ನಿಂತ ಸವಿತಾ ಎರಡೂ ಕೈ ಬೀಸುತ್ತಿದ್ದಳು. ನಾನು ಅದನ್ನು ಪ್ರೋತ್ಸಾಹ ಎಂದು ತಿಳಿದೆ. ಹೀಗೆ ಇಪ್ಪತ್ತೈದು ನಿಮಿಷಗಳಲ್ಲಿ ವಹಿಯ ಕೊನೆಯ ಪುಟಕ್ಕೆ ಬಂದೆ. ‘ಸದ್ಯದ ಉದ್ಯೋಗ: ತಾಯಿಯವರ ಹೇಳಿಕೆಯಂತೆ ಇವರು ಕೆಲಸ ಹುಡುಕುತ್ತಿದ್ದಾರೆ.’

ಜನ ನಕ್ಕರು. ಗಿರಿಜಾ ನಗಲಿಲ್ಲ. ತಲೆ ತಗ್ಗಿಸಿ ಬ್ಯಾಗಿನ ಜಿಪ್ಪು ಹಾಕತೊಡಗಿದಳು. ಅದು ಮೊದಲೇ ಹಾಕಿತ್ತು. ಆಗ ನನಗೆ ಹಲಗೇರಿಯ ವಿಜ್ಞಾನಿ ನೆನಪಾದರು. ಅವರು ಅಂದು ನನ್ನನ್ನು ಹೊಗಳಿರಲಿಲ್ಲ ಎಂಬುದೂ ಆಗಲೇ ಹೊಳೆಯಿತು. ಹುಡುಗಿಗೆ ಹೇಳಲು ನಾನು ಒಂದು ಸಾಲನ್ನೂ ಉಳಿಸಿರಲಿಲ್ಲ. ಮೈಕು ಬಿಟ್ಟು ಕುರ್ಚಿಗೆ ಬರುವ ನಾಲ್ಕು ಹೆಜ್ಜೆಗಳಲ್ಲಿ, ಬ್ಯಾಡಗಿಯ ಶಾಲೆಯಲ್ಲಿ ಹಾಜರಿ ಕರೆಯುತ್ತಿರುವ ಸವಿತಾ ನನ್ನ ಕಣ್ಣ ಮುಂದೆ ಬಂದುಹೋದಳು.

ಸವಿತಾ ಬಂದಳು. ಸ್ಟ್ಯಾಂಡಿನಿಂದ ಮೈಕು ಬಿಚ್ಚಿ ಕೈಗೆ ತೆಗೆದುಕೊಂಡಳು. ಆಮೇಲೆ, ‘ಎಲ್ಲಾರಿಗೂ ನಮಸ್ಕಾರ ರೀ. ಕಾರ್ಯಕ್ರಮ ನಮ್ಮ ಮಾಮಾ ಮಾಡಿ ಮುಗಿಸ್ಯಾರ. ನಾ ಈಗ ವಂದನಾರ್ಪಣೆ ಮಾಡಾಕ ಬಂದೇನಿ’ ಎಂದಳು.

ನಗೆ ನಿಲ್ಲಲು ಒಂದು ನಿಮಿಷ ಹಿಡಿಯಿತು. ಅವಳು ದೀಪಕ್ಕೆ ವಂದನೆ ಹೇಳಿದಳು: ಬೆಂಗಳೂರಿನಲ್ಲಿ ಎಷ್ಟೋ ಆಡಿಷನ್ನುಗಳಲ್ಲಿ ತಾನೂ ಹೀಗೇ ಹತ್ತಿ ಆರಿದ್ದರಿಂದ ಅದರ ಸಂಕಟ ತನಗೆ ಗೊತ್ತೆಂದಳು. ಫ್ಯಾನಿಗೆ, ಕಾರ್ಯದರ್ಶಿಯ ಗಡಿಯಾರಕ್ಕೆ, ಕಡೆಗೆ ನನ್ನ ವಹಿಗೆ ವಂದಿಸಿದಳು. ‘ನಮ್ಮ ಮಾಮಾ ಖರೀದಿ ಪತ್ರ ಮಾಡಿಸಿದವರು. ಒಮ್ಮೆ ಅವರ ಮುಂದ ಬಾಯಿ ಬಿಟ್ಟರ ಮುಗೀತು, ಮಾತು ಅವರ ಹೆಸರಿಗೆ ವರ್ಗಾ ಆಗತೈತಿ.’ ನಾನು ನಡೆಯುವುದನ್ನು, ಕನ್ನಡಕ ಏರಿಸುವುದನ್ನು, ಪುಟ ತಿರುವಲು ಬೆರಳು ನೆಕ್ಕುವುದನ್ನು ಮಾಡಿ ತೋರಿಸಿದಳು. ಆಗ ತಿಳಿಯಿತು, ಇವಳು ನಟಿಯೂ ಹೌದು. ನಾನು ಬೆರಳು ನೆಕ್ಕುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ. ಅರ್ಧ ತಾಸು ಕಳೆಯಿತು. ಆಮೇಲೆ ಮೊದಲ ಸಾಲಿನ ಕಡೆ ತಿರುಗಿದಳು.

‘ನಮ್ಮವ್ವಗ ಸಿಟ್ಟಾಗಬ್ಯಾಡ್ರಿ. ಆಕಿ ಹೇಳಿದ್ದು ಖರೇ ಐತಿ. ಸಂಜಿ ಆರಕ್ಕ ನನಗೊಂದು ಕೆಲಸ ಇತ್ತು. ಆರೂವರಿಯೊಳಗ ಅದನ್ನ ನಮ್ಮ ಮಾಮಾ ಮಾಡಿಬಿಟ್ರು. ಈಗ ನಿಮ್ಮೆಲ್ಲಾರ ಮುಂದ ನಿಂತು ಬ್ಯಾರೆ ಹುಡುಕಾಕತ್ತೇನಿ.’

ಮೊದಲು ನಕ್ಕವಳು ಗಿರಿಜಾ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಬಹಳ ಹೊತ್ತು ನಕ್ಕಳು.

ಹೊರಗೆ ಬಂದಾಗ ಅವಳು ನನ್ನನ್ನು ಪಕ್ಕಕ್ಕೆ ಕರೆದಳು. ‘ಅಣ್ಣಾ, ನೀ ಮಾತಾಡಿದಾಗೂ ಮಂದಿ ನಕ್ಕರು, ಆಕಿ ಮಾತಾಡಿದಾಗೂ ನಕ್ಕರು.’ ನಾನು ವಿನಯದಿಂದ ಕೈ ಮುಗಿಯುವವನಿದ್ದೆ. ‘ಆದ್ರ ಅವರು ಯಾಕ ನಗಾಕತ್ತಾರ ಅನ್ನೂದು ನಿನಗ ಗೊತ್ತಿದ್ದಿಲ್ಲ. ಆಕಿಗೆ ಗೊತ್ತಿತ್ತು. ಅದು ಕೆಲಸನ ಬಿಡು.’

ಸವಿತಾ ಮರುದಿನ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದಳು. ಬ್ಯಾಡಗಿಯ ಶಾಲೆಗೆ ಬೇರೆ ಟೀಚರು ಬಂದಿದ್ದಾರೆ. ಆ ವಂದನಾರ್ಪಣೆಯನ್ನು ಅವಳು ಈಗ ಊರೂರಲ್ಲಿ ಮಾಡುತ್ತಾಳೆ. ಹೋದ ತಿಂಗಳು ಹೊಸರಿತ್ತಿಯಲ್ಲಿ ಒಂದು ಸಮಾರಂಭವಿತ್ತು; ನಾನು ಸಭೆಯಲ್ಲಿ ಕುಳಿತಿದ್ದೆ. ಅತಿಥಿಗಳ ಪರಿಚಯವನ್ನು ಬೇರೊಬ್ಬರು ಎರಡು ನಿಮಿಷದಲ್ಲಿ ಮಾಡಿ ಮುಗಿಸಿದರು.