ಮಾನಿಟರ್ ಆರಿಸುವ ಸೋದರಮಾವ

ನಮ್ಮ ಸೋದರಮಾವ ಕಣ್ಣು ಮುಚ್ಚಿಕೊಂಡು ವಿಡಿಯೋ ಎಡಿಟ್ ಮಾಡುತ್ತಾರೆ. ಅಷ್ಟು ಪಳಗಿದ ಕೈ ಅಂತ ಹೊಗಳುತ್ತಿದ್ದೇನೆ ಅಂದುಕೊಂಡಿರಾ? ಇಲ್ಲ ಸ್ವಾಮಿ, ದೂರು ಹೇಳುತ್ತಿದ್ದೇನೆ! ಮಾನಿಟರಿನ ಸ್ವಿಚ್ ಆರಿಸಿ, ತಲೆಗೆ ಹೆಡ್‌ಫೋನ್ ಏರಿಸಿ, ಕುರ್ಚಿಗೆ ಒರಗಿ ನಿಜವಾಗಿಯೂ ಕಣ್ಣು ಮುಚ್ಚಿ ಕೂರುತ್ತಾರೆ. ಯಳಂದೂರಿನ ಅವರ ಸ್ಟುಡಿಯೋಗೆ ಹೊಸಬರು ಯಾರಾದರೂ ಬಂದರೆ, ಪಾಪ ಯಜಮಾನರು ನಿದ್ದೆ ಹೋಗಿದ್ದಾರೆ ಅಂತ ಸದ್ದು ಮಾಡದೆ ವಾಪಸು ಹೋಗುತ್ತಾರೆ. ಹಾಗೆ ಹೋದವರಲ್ಲಿ ಅರ್ಧ ಜನ ಕೊಳ್ಳೇಗಾಲದ ನನ್ನ ಸ್ಟುಡಿಯೋಗೆ ಬಂದಿದ್ದಾರೆ. ಆ ಮಟ್ಟಿಗೆ ನಾನು ಅವರಿಗೆ ಋಣಿ. ಉಳಿದಂತೆ ಅವರನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಮೊದಲು ಕೇಳು, ಆಮೇಲೆ ನೋಡು, ಕೊನೆಗೆ ಕತ್ತರಿಸು. ಇದು ಅವರ ವೇದವಾಕ್ಯ. ಕ್ಯಾಮೆರಾದಿಂದ ಇಳಿಸಿದ್ದನ್ನೆಲ್ಲ ಒಂದು ಸಲ ಪೂರ್ತಿ ಕೇಳದೆ ಕತ್ತರಿ ಮುಟ್ಟಬಾರದಂತೆ. ಎರಡು ದಿನದ ಮದುವೆಯನ್ನು ಎರಡು ದಿನ ಕೇಳುತ್ತಾ ಕೂತರೆ ಒಲೆ ಹತ್ತುವುದು ಯಾವಾಗ? ಬೀಗರೂಟದ ಎಲೆ ಎತ್ತುವಷ್ಟರಲ್ಲಿ ನಾನು ವಿಡಿಯೋ ಕೈಗಿಟ್ಟಿರುತ್ತೇನೆ. ಮಾವ ಕೊಡುವ ಹೊತ್ತಿಗೆ ಮಗುವಿನ ನಾಮಕರಣ ಆಗಿರುತ್ತದೆ.

ಇಂಥವರು ನನಗೆ ಬುದ್ಧಿ ಹೇಳುತ್ತಾರೆ! ನಾನು ಸ್ಟುಡಿಯೋ ಇಡುವಾಗ ಅವರ ಮೊದಲ ಉಪದೇಶ, ಕಂಪ್ಯೂಟರಿಗಿಂತ ಮುಂಚೆ ಯುಪಿಎಸ್ ತಗೋ ಅಂತ. ಮಾತೇನೋ ಸರಿ. ನಮ್ಮ ಕಡೆ ಕರೆಂಟು ಹೋಗುವುದೇ, ಕತ್ತರಿಸಿ ಜೋಡಿಸಿದ್ದೆಲ್ಲ ಒಂದೇ ವಿಡಿಯೋ ಆಗುವ ರೆಂಡರ್ ಮುಗಿಯಲು ಕೂದಲೆಳೆಯಷ್ಟು ಬಾಕಿ ಇರುವಾಗ. ಆದರೆ ಮಾವ ಆ ಮಾತನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದ್ದರೆಂದರೆ, ಅವರ ಸ್ಟುಡಿಯೋದಲ್ಲಿ ಒಂದು ಇಡೀ ಬೇಸಿಗೆ ಯುಪಿಎಸ್ ಮಾತ್ರ ಇತ್ತು, ಕಂಪ್ಯೂಟರ್ ಇರಲಿಲ್ಲ. ಅದಕ್ಕೆ ಟೇಬಲ್ ಫ್ಯಾನ್ ಸಿಕ್ಕಿಸಿಕೊಂಡು, ಬಂದವರಿಗೆಲ್ಲ ಅದರ ಗುಣಗಾನ ಮಾಡುತ್ತಾ ಗಾಳಿ ಕುಡಿದರು.

ನಾನು ಸಾಲ ಸೋಲ ಮಾಡಿ ಗೋಡೆಯಗಲದ ಮಾನಿಟರ್ ತಂದಾಗ ನೋಡಲು ಬಂದರು. ಮಾನಿಟರಿನ ಕಡೆ ಕಣ್ಣೆತ್ತಿಯೂ ನೋಡದೆ, ಮೇಜಿನ ಮೇಲಿದ್ದ ನನ್ನ ಇಯರ್‌ಫೋನನ್ನು ಎರಡು ಬೆರಳಲ್ಲಿ ಸತ್ತ ಹಲ್ಲಿ ಎತ್ತುವ ಹಾಗೆ ಎತ್ತಿದರು.

"ಕಣ್ಗೆ ಅಬ್ಬದೂಟ ಬಡಿಸಿ, ಕಿವೀಗೆ ತಂಗ್ಳು ಆಕಿದ್ದೀಯಲ್ಲೋ" ಅಂದರು.

ಇನ್ನು ಅವರ ಬ್ಯಾಕಪ್ಪಿನ ಕಥೆ. ಒಂದು ಕೆಲಸಕ್ಕೆ ಎರಡು ಪ್ರತಿ ಇರಬೇಕು, ಎರಡೂ ಒಂದೇ ಸೂರಿನಡಿ ಇರಬಾರದು. ಇದೂ ಸರಿಯೇ! ಬೆಂಕಿ ಬೀಳಬಹುದು, ಕಳ್ಳ ಬರಬಹುದು. ಆದರೆ ಎರಡನೆಯ ಸೂರು ನಮ್ಮ ಮನೆಯೇ ಯಾಕಾಗಬೇಕು? ಅವರ ಹಾರ್ಡ್ ಡಿಸ್ಕುಗಳೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಸಿಕೊಂಡು ನಮ್ಮಮ್ಮನ ರಾಗಿ ಡ್ರಮ್ಮಿನಲ್ಲಿ ಮಲಗಿವೆ. ರಾಗಿಗೆ ಹುಳ ಬೀಳದು, ತೇವ ಹಿಡಿಯದು, ಹುಡುಗರು ಕೈ ಹಾಕರು ಎಂಬುದು ಅವರ ಲೆಕ್ಕಾಚಾರ. ಫೋನ್ ಮಾಡಿದರೆ ತಂಗಿ ಹೇಗಿದ್ದಾಳೆ ಅಂತ ಕೇಳುವ ಮುಂಚೆ ಡಿಸ್ಕು ಹೇಗಿವೆ ಅಂತ ಕೇಳುತ್ತಾರೆ. ನಮ್ಮಮ್ಮನೋ, ಒಡಹುಟ್ಟಿದ ಅಣ್ಣನ ಆಸ್ತಿ ಅಂತ ರಾಗಿ ಬೀಸಲು ಕೊಡುವಾಗೆಲ್ಲ ಅವನ್ನು ಮಕ್ಕಳ ಹಾಗೆ ಎತ್ತಿ, ಒರೆಸಿ ಇಡುತ್ತಾಳೆ.

ಗಿರಾಕಿಗಳ ಗತಿ ಕೇಳಿ. ಮಧುವನಹಳ್ಳಿ ಕಡೆಯ ಒಂದು ಗುಂಪು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋಗಿ, ಜೊತೆಗೊಬ್ಬ ಕ್ಯಾಮೆರಾದವನನ್ನೂ ನಡೆಸಿಕೊಂಡು ಹೋಗಿತ್ತು. ವಿಡಿಯೋಗೆ ಒಳ್ಳೊಳ್ಳೆ ಭಕ್ತಿಗೀತೆ ಹಾಕಿಕೊಡಿ ಅಂದಿದ್ದರು. ಮಾವ ಕೊಟ್ಟದ್ದರಲ್ಲಿ ಒಂದು ಗೀತೆಯೂ ಇಲ್ಲ! ಬರೀ ಕಾಲಿನ ಸದ್ದು, ಏದುಸಿರು, ನಡುನಡುವೆ ಉಘೇ ಉಘೇ, ಮತ್ತೆ ಯಾರೋ ಬೊಬ್ಬೆ ಎದ್ದ ಪಾದವನ್ನು ಹಿಡಿದುಕೊಂಡು ಚಪ್ಪಲಿ ಮಾರಿದವನ ವಂಶವನ್ನು ಬೈಯುವುದು. ಗುಂಪಿನ ಮುಖಂಡ ಜಗಳಕ್ಕೇ ಬಂದ. ಮಾವ ಶಾಂತವಾಗಿ, ನೀನು ಬೆಟ್ಟ ಹತ್ತಿದ್ದು ಹಾಡಿನ ಮೇಲೋ ಕಾಲಿನ ಮೇಲೋ ಅಂತ ಕೇಳಿದರು. ಅವನು ಕಾಲಿನ ಮೇಲೇ ನಡೆದು ನನ್ನ ಸ್ಟುಡಿಯೋಗೆ ಬಂದ.

ಇಷ್ಟಾದರೂ ನಾನು ಸಹಿಸಿಕೊಂಡಿದ್ದೆ. ನನ್ನ ತಂಗಿಯ ಮದುವೆಯಲ್ಲಿ ಮಾತ್ರ ತಾಳ್ಮೆ ತಪ್ಪಿತು.

ಗಂಡಿನ ಕಡೆಯವರು ಹನೂರಿನವರು. ಡ್ರೋನ್ ಇರುವ ಹುಡುಗರನ್ನು ತಾವೇ ಕರೆತರುತ್ತೇವೆ ಅಂದಿದ್ದರು. ನಾನು ಮೀಸೆ ತಿರುವಿ, ನಮ್ಮ ಮನೆಯಲ್ಲೇ ಎರಡು ಸ್ಟುಡಿಯೋ ಇದೆ, ಬೇಡ ಅಂದೆ. ಶೂಟಿಂಗಿಗೆ ನನ್ನ ಹುಡುಗರನ್ನೇ ಹಾಕಿದೆ. ಎಡಿಟಿಂಗಿಗೆ ನಾನು ಕೈ ಹಾಕುವಷ್ಟರಲ್ಲಿ ಮಾವ ಬಂದು, ಅದು ಸೋದರಮಾವನ ಹಕ್ಕು ಅಂದುಬಿಟ್ಟರು! ಹೆಣ್ಣನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು, ಒಪ್ಪಿದೆ. ಹಾರ್ಡ್ ಡಿಸ್ಕನ್ನು ಹೊತ್ತುಕೊಂಡು ಹೋಗುವುದೂ ಅವನ ಹಕ್ಕು ಅಂತ ಯಾವ ಶಾಸ್ತ್ರದಲ್ಲಿದೆ? ಅಮ್ಮ ಅಣ್ಣನ ಪಕ್ಷ ವಹಿಸಿದಳು. ನನ್ನ ಮಾತು ಅಲ್ಲಿಗೆ ಮುಗಿಯಿತು.

ಮದುವೆಯ ದಿನ ಮಾವ ನನ್ನ ತಂಗಿಯನ್ನು ಕೈ ಹಿಡಿದು ಕರೆತಂದರು. ಅವರ ಅಂಗಿಯ ಜೇಬಿನಿಂದ ಒಂದು ಪುಟ್ಟ ಮೈಕು ತಲೆ ಹಾಕಿ ನೋಡುತ್ತಿತ್ತು. ಮದುಮಗಳನ್ನು ಕರೆತರುವ ಸೋದರಮಾವನ ಜೇಬಿನಲ್ಲಿ ಮೈಕು! ಮುಂದಿನ ಸಾಲಿನಲ್ಲಿ ನಮ್ಮಜ್ಜಿ, ಅಂದರೆ ಮಾವನ ತಾಯಿ ಕೂತಿದ್ದಳು. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಹೋಗಿ ಕೆಲವು ವರ್ಷಗಳಾಗಿವೆ. ಸುಳಿದವರನ್ನೆಲ್ಲ ಸೆರಗು ಹಿಡಿದು, ಪಂಚೆ ಹಿಡಿದು, ಈಗ ಏನಾಗುತ್ತಿದೆ ಅಂತ ಕೇಳುತ್ತಿದ್ದಳು. ಮದುವೆಮನೆಯಲ್ಲಿ ಯಾರಿಗೆ ಪುರುಸೊತ್ತು? ಆಮೇಲೆ ಹೇಳ್ತೀವಿ ಇರಜ್ಜಿ ಅಂತ ಎಲ್ಲರೂ ದಾಟಿಹೋದರು. ವಾಲಗದ ಅಬ್ಬರದಲ್ಲಿ ಅವಳಿಗೆ ಏನೂ ತಿಳಿಯಲಿಲ್ಲ.

ಆಷಾಢಕ್ಕೆ ತಂಗಿ ತೌರಿಗೆ ಬಂದಳು. ವಿಡಿಯೋ ಬರಲಿಲ್ಲ. ಶ್ರಾವಣ ಹುಟ್ಟಿತು, ಅವಳನ್ನು ಕರೆದೊಯ್ಯಲು ಹನೂರಿನಿಂದ ಅವಳ ಗಂಡನೂ ಬೀಗರೂ ಬಂದು, ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ವಿಡಿಯೋ ಎಲ್ಲಿ ಅಂದರು. ಸರಿಯಾಗಿ ಆಗ ಮಾವ ಪೆನ್‌ಡ್ರೈವನ್ನು ಕರವಸ್ತ್ರದಲ್ಲಿ ಗಂಟು ಹಾಕಿಕೊಂಡು, ಅಜ್ಜಿಯ ಕೈ ಹಿಡಿದು ಯಳಂದೂರಿನ ಬಸ್ಸಿಳಿದು ಬಂದರು.

ಟಿವಿಗೆ ಸಿಕ್ಕಿಸಿದ್ದಾಯಿತು. ಹೂವು ಉದುರುವ ಟೈಟಲ್ ಇಲ್ಲ, ಹಾಡಿಲ್ಲ. ಕೊಪ್ಪರಿಗೆಗೆ ಸೌಟು ಬಡಿಯುವ ಸದ್ದಿನಿಂದ ಮದುವೆ ಶುರು! ಬೀಗರು ಮುಖ ಮುಖ ನೋಡಿಕೊಂಡರು. ಸೌಂಡ್ ಬಾಕ್ಸ್ ಏನಾದರೂ ಕೆಟ್ಟಿದೆಯಾ ಅಂತ ಒಬ್ಬರು ಕೇಳಿದರು. ಬೀಗಿತ್ತಿ, ಡ್ರೋನಿನವರು ಆಗಿದ್ದರೆ ಅಂತ ಅರ್ಧಕ್ಕೆ ನಿಲ್ಲಿಸಿದರು. ನನ್ನ ತಂಗಿ ತಲೆ ತಗ್ಗಿಸಿದಳು. ಇನ್ನು ಹನೂರಿನಲ್ಲಿ ಯಾವ ಮದುವೆಗೆ ಹೋದರೂ ಅವಳು ಈ ಮಾತು ಕೇಳಬೇಕಲ್ಲ! ನನ್ನ ರಕ್ತ ಕುದಿಯಿತು. ಇಂಥದ್ದಾಗುತ್ತದೆ ಅಂತಲೇ ನಾನು ಕದ್ದುಮುಚ್ಚಿ, ನನ್ನ ಹತ್ತಿರ ಉಳಿದಿದ್ದ ಪ್ರತಿಗೆ ಭರ್ಜರಿ ಹಾಡು ಹಾಕಿ, ಇನ್ನೊಂದು ವಿಡಿಯೋ ಮಾಡಿಟ್ಟುಕೊಂಡಿದ್ದೆ. ಮಾವನದನ್ನು ಕಿತ್ತುಹಾಕಲು ಎದ್ದು ಟಿವಿಯ ಹತ್ತಿರ ಹೋದೆ.

"ಉಡ್ಗಿ ಬತ್ತಾವ್ಳೆ" ಅಂದಳು ಅಜ್ಜಿ.

ತಿರುಗಿ ನೋಡಿದೆ. ಚಾಪೆಯ ಮೇಲೆ ಕೂತು ಕಿವಿಯನ್ನು ಟಿವಿಯ ಕಡೆ ಕೊಟ್ಟಿದ್ದಾಳೆ. ಪರದೆಯ ಮೇಲೆ ತಂಗಿ ಇನ್ನೂ ಕಾಣಿಸಿರಲಿಲ್ಲ, ಗೆಜ್ಜೆಯ ಸದ್ದು ಮಾತ್ರ ಬರುತ್ತಿತ್ತು. ಅಜ್ಜಿ ಒಂದೊಂದೇ ಹೇಳತೊಡಗಿದಳು. ಈಗ ಮಣೆ ಎಳೆದರು. ಈಗ ಅಂತರಪಟ ಹಿಡಿದರು. ಈಗ ಬಳೆ ಸದ್ದಾಯಿತು, ಕೈ ನೀಡಿದಳು. ಮಾವನ ಜೇಬಿನ ಮೈಕು ತಂಗಿಯ ಪಕ್ಕದಲ್ಲೇ ಇತ್ತಲ್ಲ, ಎಲ್ಲವೂ ಅಂಗೈಲಿಟ್ಟಷ್ಟು ಹತ್ತಿರ ಕೇಳುತ್ತಿತ್ತು. ನಾವು ಟಿವಿ ಬಿಟ್ಟು ಅಜ್ಜಿಯನ್ನು ನೋಡುತ್ತಿದ್ದೆವು. ಗಟ್ಟಿಮೇಳಕ್ಕೆ ಮುಂಚೆ ಧಾರೆಯ ನೀರು ತಟ್ಟೆಗೆ ಬಿದ್ದ ಸದ್ದು, ಅದರ ಹಿಂದೆಯೇ ಯಾರೋ ಮೂಗು ಎಳೆದುಕೊಂಡ ಸದ್ದು.

"ಅಳಿಯಂದ್ರು ಅಳ್ತಾವ್ರೆ" ಅಂದಳು ಅಜ್ಜಿ ಮೆಲ್ಲಗೆ.

ಅಜ್ಜಿಯ ಅಳಿಯ ಅಂದರೆ ನಮ್ಮಪ್ಪ! ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನವರನ್ನೆಲ್ಲ ನಡುಗಿಸುವ ಆಸಾಮಿ. ಅವತ್ತು ಮಂಟಪದ ತುಂಬ ಜನ ಇದ್ದೆವು, ಎಲ್ಲರಿಗೂ ಕಣ್ಣಿತ್ತು, ಒಬ್ಬರೂ ಕಂಡಿರಲಿಲ್ಲ. ಹೋಮದ ಹೊಗೆ ಅಂತ ಅಪ್ಪ ಏನೋ ಗೊಣಗಿ ಎದ್ದು ಹಿತ್ತಲಿಗೆ ಹೋದರು. ಬೀಗಿತ್ತಿ ಕುರ್ಚಿ ಬಿಟ್ಟು ಚಾಪೆಗೆ ಇಳಿದು ಅಜ್ಜಿಯ ಪಕ್ಕ ಕೂತರು. ಮಾವ ಟಿವಿಯನ್ನು ನೋಡುತ್ತಲೇ ಇರಲಿಲ್ಲ. ಅವರ ಕಣ್ಣು ಅವರ ತಾಯಿಯ ಮುಖದ ಮೇಲಿತ್ತು. ಈ ಮನುಷ್ಯ ಇಷ್ಟು ವರ್ಷ ಯಾರಿಗಾಗಿ ಮಾನಿಟರ್ ಆರಿಸಿ ಕೂರುತ್ತಿದ್ದರು ಅಂತ ನನಗೆ ಆಗ ತಿಳಿಯಿತು. ಪೆನ್‌ಡ್ರೈವ್ ಕೀಳಲು ಚಾಚಿದ್ದ ಕೈಯಿಂದಲೇ ಟಿವಿಯ ಸೌಂಡನ್ನು ಇನ್ನಷ್ಟು ಏರಿಸಿದೆ.

ವಿಡಿಯೋ ಮುಗಿದ ಮೇಲೆ ಅಜ್ಜಿ ಕೈ ಚಾಚಿ ಮಗನ ಮೊಣಕಾಲು ತಡವಿದಳು.

"ಮದ್ವೆ ದಿನ ನಾನು ಮದ್ವೇಲಿ ಇರ್ನಿಲ್ಲ ಕಣ್ಲಾ ಮಗ. ಈಗ ಬಂದೆ."

ನನ್ನ ತಂಗಿ ಎದ್ದು ಬಂದಳು. ಸೆರಗು ಸರಿಮಾಡಿಕೊಂಡು, ಗಂಡನನ್ನೂ ಕೈ ಹಿಡಿದು ಕರೆದುಕೊಂಡು, ಆಗತಾನೆ ಮದುವೆಗೆ ಬಂದ ಹಿರಿಯರಿಗೆ ಬೀಳುವ ಹಾಗೆ ಅಜ್ಜಿಯ ಕಾಲಿಗೆ ಬಿದ್ದಳು.