ಮಾಲ್ಡೀವ್ಸ್‌ಗೆ ಮುನ್ನ ಮಾವನ ಬಾವಿ

ಈ ಸಲದ ಮದುವೆ ವಾರ್ಷಿಕೋತ್ಸವಕ್ಕೆ ಹೆಂಡತಿ ಸಹನಳನ್ನು ಮಾಲ್ಡೀವ್ಸ್‌ಗೇ ಕರೆದುಕೊಂಡು ಹೋಗಿ, ಸಮುದ್ರದ ತಳದಲ್ಲಿ ಮೀನುಗಳ ನಡುವೆ ನಿಲ್ಲಿಸಿ ಫೋಟೊ ತೆಗೆಸಿಯೇ ತೀರುವೆನೆಂದು ಶಪಥ ಮಾಡಿದೆ. ಅವಳು ಅವರೆಕಾಯಿ ಸುಲಿಯುತ್ತಾ ಒಂದೇ ಮಾತು ಕೇಳಿದಳು.

"ನಿಮ್ಗೆ ಈಜು ಬತ್ತದಾ?"

"ಗಂಜಾಮ್ನೋನ್ನ ಕೇಳೋ ಮಾತಾ ಇದು? ಕಾವೇರಿ ನೀರಲ್ಲೇ ಬೆಳ್ದೋನು ಕಣೆ ನಾನು."

ಸುಳ್ಳೇನಲ್ಲ. ನಿಮಿಷಾಂಬ ಗುಡಿಯ ಮೆಟ್ಟಿಲ ಮೇಲೆ ಕುಳಿತು ಚೊಂಬಿನಲ್ಲಿ ಮೊಗೆದು ಸುರಿದುಕೊಂಡೇ ಬೆಳೆದವನು. ಮೆಟ್ಟಿಲಿನಿಂದಾಚೆಯ ಕಾವೇರಿಯ ಪರಿಚಯವಷ್ಟೇ ಆಗಿರಲಿಲ್ಲ.

ಟಿಕೆಟ್ ಆಯಿತು. ಮುಖಕ್ಕೆ ಕಟ್ಟುವ ದೊಡ್ಡ ಕನ್ನಡಕ, ಉಸಿರಾಡುವ ಕೊಳವೆ, ಕಪ್ಪೆಗಾಲಿನಂಥ ರಬ್ಬರು ಪಾದಗಳು ಕೊರಿಯರಿನಲ್ಲಿ ಬಂದವು. ಯಾರೂ ಕಾಣದಂತೆ ಅಭ್ಯಾಸ ಮಾಡಿಬಿಡೋಣವೆಂದು, ಚಿನಕುರಳಿಯ ಮಾವನ ಮನೆಗೆ ಹೋದಾಗ, ಎಲ್ಲರೂ ಉಂಡು ಅಡ್ಡಾದ ಸಮಯ ನೋಡಿ ಕಬ್ಬಿನ ಗದ್ದೆಯ ಬಾವಿಗೆ ಇಳಿದೆ. ನೀರಿನ ಮಟ್ಟದ ಮೆಟ್ಟಿಲಲ್ಲಿ ಕುಳಿತು ವೇಷ ತೊಟ್ಟೆ. ಸುಮ್ಮನೆ ಮುಖ ಅದ್ದಿ ನೋಡುವ ವಿಚಾರವಿತ್ತು. ಅಷ್ಟರಲ್ಲಿ ರಬ್ಬರು ಪಾದಕ್ಕೆ ಪಾಚಿ ಸಿಕ್ಕಿತು. ನೀರಿಗೆ ಜಾರಿದ ನನ್ನ ಕೈಗೆ ಮೋಟರಿನ ಪೈಪು ಸಿಕ್ಕಿತು. ತಬ್ಬಿಕೊಂಡೆ. ಜೀವಮಾನದಲ್ಲಿ ಯಾರನ್ನೂ ಅಷ್ಟು ಪ್ರೀತಿಯಿಂದ ತಬ್ಬಿರಲಿಲ್ಲ!

ಕೂಗಿದೆ. ಬಾಯಲ್ಲಿ ಕೊಳವೆ ಇದ್ದುದರಿಂದ ಕೂಗು ಎಮ್ಮೆಯ ದನಿಯಲ್ಲಿ ಹೊರಬಿತ್ತು. ಎಮ್ಮೆ ಬಾವಿಗೆ ಬಿತ್ತೆಂದು ಮಾವ ಮರಿಯಯ್ಯ ಹಗ್ಗ ಹಿಡಿದು ಓಡಿ ಬಂದರು, ಹಿಂದೆಯೇ ಸಹನ. ಮಾವ ಇಣುಕಿ ನೋಡಿ ಮಗಳಿಗೆ ಮೆಲ್ಲಗೆ, "ಎಮ್ಮೆ ಅಲ್ಲ ಕಣವ್ವ, ಅಳಿಯಂದ್ರು" ಅಂದರು. ಆ ದನಿಯಲ್ಲಿದ್ದ ನೆಮ್ಮದಿ ನನಗೆ ಇವತ್ತಿಗೂ ಅರಗಿಲ್ಲ.

ಹಗ್ಗ ಕೆಳಗೆ ಬಂತು. ಅದನ್ನು ಹಿಡಿಯಬೇಕಾದರೆ ಪೈಪು ಬಿಡಬೇಕು. ನಾನು ಸುತರಾಂ ಒಪ್ಪಲಿಲ್ಲ. ಮೆಟ್ಟಿಲು ಕೈಗೆಟುಕುವಷ್ಟು ಹತ್ತಿರದಲ್ಲೇ ಇದೆಯೆಂದು ಸಹನ ಬಿಡಿಸಿ ಬಿಡಿಸಿ ಹೇಳಿದಳು. ಆಗಲ್ಲವೆಂದು ತಲೆಯಾಡಿಸಿದೆ. ಮಾವ ಹಗ್ಗ ಅಲ್ಲೇ ಬಿಟ್ಟು ಎದ್ದು ಹೋದರು. ಸಿಟ್ಟಾದರೇನೋ ಅಂದುಕೊಂಡೆ. ಮರುಗಳಿಗೆಯೇ ನಾನು ತಬ್ಬಿದ್ದ ಪೈಪು ಗಡಗಡ ನಡುಗಿತು. ಅಳಿಯನನ್ನು ಮೇಲೆತ್ತಲಾಗದ ಮಾವ ಬಾವಿಯ ನೀರನ್ನೇ ಮೇಲೆತ್ತಲು ಶುರು ಮಾಡಿದ್ದರು!

ಕಬ್ಬು ಕುಡಿಯಿತು, ಪಕ್ಕದವರ ಗದ್ದೆಯೂ ಕುಡಿಯಿತು. ನೀರು ಇಳಿದಂತೆಲ್ಲ ಪೈಪು ಹಿಡಿದೇ ನಾನೂ ಜಾರಿದೆ. ಬಿಸಿಲು ತಗ್ಗುವ ಹೊತ್ತಿಗೆ ಕಾಲಿಗೆ ಕೆಸರು ತಾಗಿತು, ನೀರು ಮಂಡಿಗೆ ಬಂತು. ರಬ್ಬರು ಪಾದ ಕಳಚಿ, ಮಾವ ಇಳಿಬಿಟ್ಟ ಏಣಿ ಹತ್ತಿ, ಮೀನಿನ ವಾಸನೆಯೊಂದಿಗೆ ಮೇಲೆ ಬಂದೆ.

ಸಹನ ಬೈಯಲಿಲ್ಲ. ಟವೆಲು ಕೊಟ್ಟಳು. ನಾನು ತಲೆ ಒರೆಸಿಕೊಳ್ಳುವವರೆಗೂ ಕಾದು, ನಿಧಾನವಾಗಿ ಹೇಳಿದಳು.

"ಮಾಲ್ಡೀವ್ಸ್‌ನೋರ್ಗೆ ಒಂದು ಫೋನ್ ಮಾಡಿ ಕೇಳ್ಬುಡಿ."

"ಏನಂತ?"

"ಸಮುದ್ರ ಖಾಲಿ ಮಾಡಕ್ಕೆ ಅವ್ರತ್ರ ಎಷ್ಟು ಎಚ್‌ಪಿ ಮೋಟ್ರು ಅದೆ ಅಂತ."