ನೋವಿಲ್ಲದವರ ಗುಂಪಿನಲ್ಲಿ ನಾನು

ನಮ್ಮ ಬೆನ್ನನ್ನು ನಾವು ಯಾರೂ ಸರಿಯಾಗಿ ಕಂಡವರಲ್ಲ. ಬೆನ್ನ ಹಿಂದೆ ಜನ ಆಡುವ ಮಾತು ಕಿವಿಗೆ ಬೀಳದಿದ್ದರೆ ಎಷ್ಟು ಕ್ಷೇಮವೋ, ಬೆನ್ನು ಕಣ್ಣಿಗೆ ಬೀಳದಿದ್ದರೂ ಅಷ್ಟೇ ಕ್ಷೇಮ ಎಂದು ನನಗೀಗ ಅನಿಸುತ್ತದೆ. ಈ ವಿವೇಕ ಬರುವ ಮೊದಲೇ ನಾನು ನನ್ನ ಬೆನ್ನನ್ನು ಕಂಪ್ಯೂಟರಿನ ಪರದೆಯ ಮೇಲೆ ನೋಡಿಬಿಟ್ಟೆ. ತೋರಿಸಿದವಳು ಬೇರೆ ಯಾರೂ ಅಲ್ಲ, ನನ್ನ ಹೆಂಡತಿ.

ವೀಣಾ ಮಂಗಳೂರಿನ ಒಂದು ಕಾಲೇಜಿನಲ್ಲಿ ಫಿಸಿಯೋಥೆರಪಿ ಪ್ರೊಫೆಸರ್. ಬೆಳಿಗ್ಗೆ ಕಾಸರಗೋಡಿನಿಂದ ರೈಲು ಹತ್ತಿದರೆ ಸಂಜೆಯೇ ವಾಪಸು. ಅವಳ ಸಂಶೋಧನೆ ಭುಜದ ಮೇಲೆ. ಕೈ ಎತ್ತಿದಾಗ ಬೆನ್ನಿನ ಮೇಲಿರುವ ರೆಕ್ಕೆಯಂಥ ಎಲುಬು ಹೇಗೆ ಜಾರುತ್ತದೆ, ಹೇಗೆ ತಿರುಗುತ್ತದೆ, ನೋವಿದ್ದವರಲ್ಲಿ ಅದು ಬೇರೆ ಥರ ತಿರುಗುತ್ತದೆಯೇ, ತಿರುಗಿದರೆ ಆ ಅಂಕುಡೊಂಕಿನಿಂದ ನೋವು ಬಂತೇ ಅಥವಾ ನೋವಿನಿಂದ ಅಂಕುಡೊಂಕು ಬಂತೇ ಎಂಬುದು ಅವಳ ತಲೆಬಿಸಿ. ಮದುವೆ ಮನೆಯಲ್ಲಿ ಎಲ್ಲರೂ ವಧೂವರರನ್ನು ನೋಡುತ್ತ ಅಕ್ಷತೆ ಹಾಕಿದರೆ, ಇವಳು ಅಕ್ಷತೆ ಹಾಕುವವರ ಭುಜ ನೋಡುತ್ತಾಳೆ. "ಆ ನೀಲಿ ಶರ್ಟಿನವರನ್ನು ನೋಡಿ, ಕೈ ಎತ್ತಲಿಕ್ಕೆ ಆಗುದಿಲ್ಲ, ಇಡೀ ಮೈಯನ್ನೇ ಓರೆ ಮಾಡ್ತಾರೆ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾಳೆ. ನೀಲಿ ಶರ್ಟಿನವರು ಹುಡುಗಿಯ ಸೋದರಮಾವ ಎಂಬುದು ಅವಳಿಗೆ ಊಟದ ಹೊತ್ತಿಗೂ ಗೊತ್ತಿರುವುದಿಲ್ಲ.

ನನ್ನದು ಬಸ್‌ಸ್ಟ್ಯಾಂಡಿನ ಬಳಿ ಜವಳಿ ಅಂಗಡಿ. ಗಿರಾಕಿ ಯಾವ ಭಾಷೆಯವರೇ ಆಗಲಿ, ಅವರಿಗೆ ಬೇಕಾದ ಬಟ್ಟೆ ಯಾವಾಗಲೂ ಮೇಲಿನ ಹಲಗೆಯಲ್ಲೇ ಇರುತ್ತದೆ. ಹಾಗಾಗಿ ಪ್ರಾಯಕ್ಕೆ ಬಂದಂದಿನಿಂದ ನನ್ನ ಕೈ ಮೇಲೆಯೇ. ಆದರೂ ಭುಜ ನೋವು ಎಂದರೆ ಎಂತದೆಂದು ತಿಳಿದವನಲ್ಲ. ಒಂದು ದಿನ ವೀಣಾ, "ನೋವಿದ್ದವರು ಬೇಕಾದಷ್ಟು ಜನ ಸಿಗ್ತಾರೆ. ಹೋಲಿಸಿ ನೋಡ್ಲಿಕ್ಕೆ ನೋವಿಲ್ಲದವರೇ ಸಿಗುದಿಲ್ಲ. ನೀವು ಒಮ್ಮೆ ಬನ್ನಿ" ಎಂದಳು. ನನ್ನಲ್ಲೂ ಕೊರತೆಯಿಲ್ಲದ ಒಂದು ಭಾಗವನ್ನು ಹೆಂಡತಿ ಕಂಡುಹಿಡಿದಳಲ್ಲ ಎಂದು ಹಿಗ್ಗಿ, ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಹೊರಟೆ.

ಅಲ್ಲಿ ನನ್ನ ಅಂಗಿ ಕಳಚಿಸಿ, ಬೆನ್ನಿಗೂ ಭುಜಕ್ಕೂ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿದರು. ಸುತ್ತಲೂ ಕ್ಯಾಮೆರಾ. ಅದೇ ದಿನ ನೋವಿದ್ದವರ ಗುಂಪಿಗೆ ನಮ್ಮ ಊರಿನವರೇ ಆದ ಫ್ರಾನ್ಸಿಸ್ ಮಾಷ್ಟ್ರು ಬಂದಿದ್ದರು. ನಿವೃತ್ತ ಅಧ್ಯಾಪಕರು, ಇಗರ್ಜಿಯಲ್ಲಿ ಭಾನುವಾರದ ಪ್ರಾರ್ಥನೆಗೆ ವಯಲಿನ್ ನುಡಿಸುವವರು. ಬಲಭುಜದ ನೋವು ಶುರುವಾದ ಮೇಲೆ ವಯಲಿನ್ ಪೆಟ್ಟಿಗೆ ಸೇರಿತ್ತು. "ಒಳಗೆ ಏನೂ ಹರಿದಿಲ್ಲ ಅಂತ ಡಾಕ್ಟ್ರು ಹೇಳ್ತಾರೆ. ಆದ್ರೆ ಕಮಾನು ಎಳೆದ್ರೆ ಈಗ ಹರೀತದೆ, ಈಗ ಹರೀತದೆ ಅಂತ ಹೆದರಿಕೆ ಶೆಟ್ರೆ" ಎಂದು ನನ್ನ ಹತ್ತಿರ ಹೇಳಿದರು. ಆ ದೊಡ್ಡ ಮನುಷ್ಯರ ಕಣ್ಣು ತುಂಬಿ ಬಂತು.

ಅವರು ಕೈ ಎತ್ತಿದರು. ಪರದೆಯ ಮೇಲೆ ಅವರ ಎಲುಬು ಎಣ್ಣೆ ಹಾಕಿದ ಬಾಗಿಲಿನಂತೆ ನಯವಾಗಿ ತಿರುಗಿತು. ನಾನು ಎತ್ತಿದೆ. ನನ್ನದು ಅರ್ಧ ದಾರಿ ಹೋಗಿ ನಿಂತು, ಸ್ವಲ್ಪ ಯೋಚನೆ ಮಾಡಿ, ಆಮೇಲೆ ಹಾರಿತು! ವೀಣಾಳ ಮುಖ ಅರಳಿತು. "ಮಕ್ಕಳೇ, ಬನ್ನಿ ಇಲ್ಲಿ! ಇಷ್ಟು ಅಂಕುಡೊಂಕು, ಆದ್ರೂ ಒಂದು ಚೂರು ನೋವಿಲ್ಲ!" ಎಂದು ವಿದ್ಯಾರ್ಥಿಗಳನ್ನೆಲ್ಲ ಕರೆದಳು.

ವೀಣಾಳಿಗೆ ಇನ್ನೂ ಕ್ಲಾಸು ಬಾಕಿಯಿತ್ತು. ವಾಪಸು ರೈಲಿನಲ್ಲಿ ಮಾಷ್ಟ್ರು ನನ್ನ ಎದುರು ಕೂತರು. "ನಿಮ್ಮ ಭುಜ ನೋಡಿ ಪಾಪ ಅನಿಸ್ತು ಶೆಟ್ರೆ" ಎಂದರು. ನೋವಿದ್ದವರು ನೋವಿಲ್ಲದವನನ್ನು ಸಮಾಧಾನ ಮಾಡುತ್ತಿದ್ದರು! ಆಮೇಲೆ ಮೆಲ್ಲನೆ ಕೈ ಎತ್ತಿ ಮೇಲಿನ ಬರ್ತಿನ ಅಂಚು ಮುಟ್ಟಿ, "ನನ್ನದು ಇಷ್ಟು ಚಂದ ತಿರುಗ್ತದೆ ಅಂತ ಗೊತ್ತೇ ಇರ್ಲಿಲ್ಲ ಮಾರಾಯ್ರೆ. ನೋವುಂಟು. ಆದ್ರೆ ಹೆದರಿಕೆ ಇಲ್ಲ" ಎಂದರು. ನಾನೂ ಎತ್ತಿ ನೋಡಿದೆ. ಅರ್ಧ ದಾರಿಯಲ್ಲಿ ಏನೋ ಚುಳ್ಳೆಂದಿತು. ಉಪ್ಪಳ ಸ್ಟೇಷನ್ ದಾಟುವಾಗ ಅದು ಖಾತ್ರಿಯಾಯಿತು.

ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. "ಯಾವಾಗಿಂದ?" ಎಂದಳು. "ನೀನು ತೋರಿಸಿದ ಮೇಲೆ." ಅನ್ನ ಕಲಸುತ್ತಿದ್ದ ಕೈ ತೊಳೆದು ಬಂದು ಭುಜ ಒತ್ತಿ, ತಿರುಗಿಸಿ, ಎತ್ತಿಸಿ ನೋಡಿದಳು. "ಭುಜ ಮೊದ್ಲು ಹೇಗಿತ್ತೋ ಹಾಗೇ ಉಂಟು" ಎಂದಳು. ಇನ್ನೇನು, ನಾಟಕ ಎನ್ನುತ್ತಾಳೆ ಎಂದು ನಾನು ಸೆಟೆದುಕೊಂಡೆ. ಅವಳು ಹಾಗೆನ್ನಲಿಲ್ಲ. "ಆದ್ರೆ ನಿಮ್ಮ ನೋವು ಸುಳ್ಳಲ್ಲ. ಹೆದರಿಕೆಯಿಂದಲೂ ನೋವು ಬರ್ತದೆ. ಅಂಕುಡೊಂಕು ಅಂತ ಎಲ್ಲರೆದುರು ಹೇಳಬಾರದಿತ್ತು ನಾನು" ಎಂದು ಸಪ್ಪಗಾದಳು. ಅವಳ ಪಶ್ಚಾತ್ತಾಪದಿಂದ ನೋವು ತುಸು ಇಳಿದದ್ದು ನಿಜ. ಆದರೆ ಅಂಗಡಿಯಲ್ಲಿ ನಾನು ಸ್ಟೂಲು ಬಿಟ್ಟು ಏಳದಾದೆ. ಮೇಲಿನ ಬಟ್ಟೆ ಕೇಳಿದವರಿಗೆಲ್ಲ, "ಅದರ ಬಣ್ಣ ಹೋಗ್ತದೆ, ಕೆಳಗಿನದ್ದು ಗಟ್ಟಿ" ಎನ್ನತೊಡಗಿದೆ. ತಮ್ಮ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದ.

ವೀಣಾ ಹೇಳಿಕೊಟ್ಟ ವ್ಯಾಯಾಮವನ್ನು ಮಾಷ್ಟ್ರು ತಪ್ಪದೆ ಮಾಡಿದರು, ನಾನು ತಪ್ಪಿ ತಪ್ಪಿ ಮಾಡಿದೆ. ಒಂದು ಭಾನುವಾರ ಅವರು ನಮ್ಮಿಬ್ಬರನ್ನೂ ಇಗರ್ಜಿಗೆ ಕರೆದರು. ಮೊದಲ ಹಾಡಿಗೆ ಕಮಾನು ನಡುಗಿತು. ನಡುವೆ ಒಮ್ಮೆ ಮುಖ ಕಿವುಚಿದರು, ಆದರೆ ನಿಲ್ಲಿಸಲಿಲ್ಲ. ಆಮೇಲೆ ಸ್ವರ ನೀರಿನಂತೆ ಹರಿಯಿತು. ನಾನು ಅವರ ಭುಜವನ್ನೇ ನೋಡುತ್ತಿದ್ದೆ, ಎಲುಬು ಹೇಗೆ ತಿರುಗುತ್ತದೋ ಎಂದು. ಪಕ್ಕಕ್ಕೆ ತಿರುಗಿದರೆ, ವೀಣಾ ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದಳು.

ಮರುವಾರ ಒಂದು ಮದುವೆಯ ತಂಡ ಅಂಗಡಿಗೆ ನುಗ್ಗಿತು. ತಮ್ಮ ಊಟಕ್ಕೆ ಹೋಗಿದ್ದ. ಅವರು ತೋರಿಸಿದ್ದೆಲ್ಲ ಮೇಲಿನ ಹಲಗೆಯಲ್ಲೇ. ಎಳೆದೆಳೆದು ಹಾಕಿದೆ, ಬಿಡಿಸಿದೆ, ಮಡಚಿದೆ. ತಂಡ ಹೋದ ಮೇಲೆ ತಮ್ಮ ಬಂದು ಬಟ್ಟೆಯ ರಾಶಿ ನೋಡಿ, "ಅಣ್ಣ, ನಿನ್ನ ಭುಜ ಎಂತಾಯ್ತು?" ಎಂದ. ಅವನು ಕೇಳಿದ್ದೇ ತಡ, ನೋವು ಹಾಜರಾಯಿತು.

ಸಂಜೆ ಇದನ್ನು ಕೇಳಿ ವೀಣಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಿಮ್ಮನ್ನು ನೋವಿಲ್ಲದವರ ಗುಂಪಿಗೆ ಹಾಕ್ಲಿಕ್ಕೂ ಆಗುದಿಲ್ಲ, ನೋವಿದ್ದವರ ಗುಂಪಿಗೂ ಆಗುದಿಲ್ಲ" ಎಂದಳು.

"ಹಾಗಾದ್ರೆ ನಾನು ಎಂತ?"

ಅವಳು ಗಲ್ಲಕ್ಕೆ ಕೈ ಕೊಟ್ಟು ನನ್ನನ್ನೇ ನೋಡಿದಳು. "ನೀವು ನನ್ನ ಮುಂದಿನ ಪ್ರಶ್ನೆ."

ಆವತ್ತಿನಿಂದ ದಿನವೂ ಸಂಜೆ ರೈಲಿಳಿದು ಬಂದವಳೇ ಚಪ್ಪಲಿ ಬಿಡುವ ಮೊದಲು, "ಇವತ್ತು ಹೇಗುಂಟು? ಯಾವಾಗ ನೆನಪಾಯ್ತು? ಯಾವಾಗ ಮರೆತುಹೋಯ್ತು?" ಎಂದು ಕೇಳುತ್ತಾಳೆ. ಕೇಳಿ, ನಾನು ಹೇಳಿ ಮುಗಿಸುವವರೆಗೂ ಕೂರುತ್ತಾಳೆ. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ಗಂಡನ ಬಗ್ಗೆ ಹೆಂಡತಿಗೆ ಕುತೂಹಲ ಹುಟ್ಟುವುದೆಂದರೆ ಸಣ್ಣ ವಿಷಯವೇ? ನಿಜ ಹೇಳಬೇಕೆಂದರೆ, ನೋವು ಹೆಚ್ಚುಕಡಿಮೆ ಹೋಗಿದೆ. ಆದರೆ ಇದನ್ನು ಅವಳಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.